ಮೇಷ್ಟ್ರ ಮೇಲಿನ ಕಥೆ

ಕಥಾ ಬಳಗದ ಸಭೆಯಲ್ಲಿ ತನ್ನ ಹೊಸ ಕಥೆ ಓದುತ್ತಾ ಟೈಪಿಸ್ಟ್ ಹುಡುಗಿ ಎರಡನೇ ಪುಟಕ್ಕೆ ಬಂದಿದ್ದಳಷ್ಟೆ, ವಾಚನಾಲಯದ ಬಾಗಿಲು ತಳ್ಳಿಕೊಂಡು ಮೇಷ್ಟ್ರು ಒಳಗೆ ಬಂದರು. ಜ್ವರ, ಬರೋದಿಲ್ಲ ಎಂದು ಹೇಳಿಕಳಿಸಿದ್ದವರು! ಕಥೆ ಇದ್ದದ್ದೇ ಅವರ ಮೇಲೆ: ಮೊದಲು ಕೆಮ್ಮಿ, ಆಮೇಲೆ ಬರೆದವರ ಕುತ್ತಿಗೆ ಕೊಯ್ಯುವ ವಿಮರ್ಶಕರ ಮೇಲೆ. “ನಿದ್ದೆ ಚೆನ್ನಾಗಿ ಬಂತಮ್ಮ” ಎಂದು ಅವಳ ಹಿಂದಿನ ಕಥೆಯನ್ನು ಅವರು ಮಲಗಿಸಿದಾಗಿನಿಂದ ಎರಡು ವರ್ಷ ಅವಳ ಪೆನ್ನು ಮುಷ್ಕರ ಹೂಡಿತ್ತು. ಸೇಡು ಅಂದಕೂಡಲೇ ಒಂದೇ ಉಸಿರಿಗೆ ಓಡಿತ್ತು.

“ಯಾಕಮ್ಮ ನಿಲ್ಲಿಸ್ದೆ? ನೀನು ಮತ್ತೆ ಬರೆದಿದ್ದೀಯ ಅಂದ್ರು, ನಮ್ಮನೆಯವಳ ಕಣ್ಣು ತಪ್ಪಿಸಿ ಬಂದೆ,” ಎಂದು ಮೇಷ್ಟ್ರು ನಡುಗುತ್ತಾ ಮುಂದಿನ ಸಾಲಿನಲ್ಲೇ ಕೂತರು.

ನೆಲ ಬಾಯಿಬಿಟ್ಟರೆ ಸಾಕೆನಿಸಿತು ಅವಳಿಗೆ. ಆದರೆ ಓದಲು ಎದ್ದವರು ಮುಗಿಸದೆ ಕೂರುವಂತಿಲ್ಲ. ಆ ಬಳಗದ ನಿಯಮ ಅದು, ಮಾಡಿದವರೂ ಮೇಷ್ಟ್ರೇ. ತಲೆ ತಗ್ಗಿಸಿ, ಅವರದೇ ಗೊಗ್ಗರು ದನಿಯಲ್ಲಿ ಓದಿದಳು: “ಕಾಗದ ಬಲು ನುಣುಪಾಗಿದೆ. ಕಥೆ ಎಲ್ಲಿಟ್ಟಿದ್ದೀಯಮ್ಮ?”

ಮೇಷ್ಟ್ರು ಎದ್ದು ನಿಂತರು. “ಅಲ್ಲಮ್ಮ, ಇಷ್ಟುದ್ದದ ನನ್ನ ಮೂಗನ್ನೇ ಬಿಟ್ಟಿದ್ದೀಯಲ್ಲ! ಅದಿಲ್ಲದೆ ನನ್ನ ಗುರುತು ಯಾರು ಹಿಡೀತಾರೆ?” ಎಂದವರೇ ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ಅವಳು ನಾಚಿಕೆಗೆ ಕಿವಿ ಉರಿಯುತ್ತಿರುವಾಗಲೇ, ಪುಟದ ಅಂಚಿನಲ್ಲಿ ‘ಮೂಗು’ ಎಂದು ಬರೆದುಕೊಂಡಳು.