ಪಂಚರ ಕೆಳಗಿನ ಕಂಬಳಿ

ಚಳ್ಳಕೆರೆಯ ಅಂಗಡಿಗಳಲ್ಲಿ ಹೊಸ ಕಂಬಳಿಯ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮೂರಲ್ಲಿ ಪಂಚರು ಕಂಬಳಿಯ ಮೇಲೆ ಕೂತು ಹೇಳಿದರಷ್ಟೇ ಅದು ತೀರ್ಪು; ಬರಿ ನೆಲದಲ್ಲಿ ಹೇಳಿದ್ದು ಬರಿ ಮಾತು. ಆ ಕಂಬಳಿ ನಮ್ಮಜ್ಜಿಯದು. ವಿಧವೆ ನಿಂಗಕ್ಕನ ಹುಣಸೆಮರವನ್ನು ಗೌಡರು ತಮ್ಮದೆನ್ನುತ್ತಿದ್ದರು. ಆ ದಿನ ಪಂಚರು ಗೌಡರ ಮನೆಯಲ್ಲೇ ಕೋಳಿಸಾರು ಉಂಡು, ಮೀಸೆ ಒರೆಸಿಕೊಂಡು, ಪರಮ ಗಾಂಭೀರ್ಯದಿಂದ ಕಂಬಳಿಯ ಮೇಲೆ ಆಸೀನರಾದರು.

ನಮ್ಮಲ್ಲಿ ಬಾಡಿಗೆಗಿದ್ದ ಕ್ರೈಸ್ತ ಟೀಚರಮ್ಮ ಹಿಂದಿನ ದಿನವಷ್ಟೇ ಅಜ್ಜಿಗೆ ಹೀಬ್ರೂ ಜನರ ಹಳೆಯ ಶಾಸ್ತ್ರದ ಸಂಗತಿ ಹೇಳಿದ್ದರು. ಲಂಚ ತಿಂದು ವಿಧವೆಯರ ನ್ಯಾಯ ಕೆಡಿಸಿದ ನ್ಯಾಯಾಧೀಶರ ಮೇಲೆ ದೇವರು ಉರಿದುಬಿದ್ದನಂತೆ.

"ಬರೇ ಬೈದ್ನಾ? ಎಬ್ಬಿಸಿ ಕಳಿಸ್ಲಿಲ್ವಾ?" ಎಂದು ಅಜ್ಜಿ ಕೇಳಿದ್ದಳು.

ಹಿರಿಯ ಪಂಚರು ಕೆಮ್ಮಿ, "ಮರ ಗೌಡ್ರದ್ದೇ..." ಎನ್ನುವಷ್ಟರಲ್ಲಿ ಅಜ್ಜಿ ಕಂಬಳಿಯ ತುದಿ ಹಿಡಿದಳು.

"ಏಳ್ರಿ ಮ್ಯಾಕೆ."

"ತೀರ್ಪು ಇನ್ನೂ ಮುಗ್ದಿಲ್ಲವ್ವ."

"ಅದ್ಕೇ ಏಳ್ರಿ ಅಂದಿದ್ದು. ಗೌಡ್ರ ಮನ್ಯಾಗೆ ಉಂಡೋರು ಗೌಡ್ರ ಚಾಪೆ ಮ್ಯಾಲೇ ಕುಂತ್ಕಳ್ರಿ."

ಎಳೆದ ರಭಸಕ್ಕೆ ಪಂಚರು ಒಬ್ಬೊಬ್ಬರಾಗಿ ಎದ್ದು ಮಣ್ಣಿನಲ್ಲಿ ನಿಂತರು. ತೀರ್ಪು ಬಾಯಲ್ಲೇ ಉಳಿಯಿತು, ಮರ ನಿಂಗಕ್ಕನಲ್ಲೇ. ಅಜ್ಜಿ ಕಂಬಳಿ ಕೊಡವಿ, ಗುಂಪಿನಲ್ಲಿ ನಿಂತಿದ್ದ ಟೀಚರಮ್ಮನತ್ತ ತಿರುಗಿದಳು.

"ನಿಮ್ಮ ದೇವ್ರು ಈ ಕಡೀಗೆ ಬಂದ್ರೆ ಹೇಳ್ರಿ, ಕುಂದ್ರಾಕೆ ಕಂಬ್ಳಿ ಖಾಲಿ ಐತೆ."