ಬೆಂಕಿ ಕಾಣದ ಮಣ್ಣೆತ್ತು

ಗದಗದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ನಾನು ಅಡುಗೆಯವಳು. ಇಪ್ಪತ್ತೆರಡು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದೇನೆ... ಈಗ ಮೊಣಕಾಲು ಮಾತು ಕೇಳುವುದಿಲ್ಲ.

ರಾತ್ರಿ ಶಾಲೆಗೆ ಹೋಗಿ ಐವತ್ತೆರಡನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದೆ. ಅಲ್ಲಿಗೆ ನನ್ನ ಓದು ಮುಗಿಯಿತು ಅಂದುಕೊಂಡಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಒಂದು ವಾರ. ಮಧ್ಯಾಹ್ನ ಪಿಯುಸಿ ಮೊದಲ ವರ್ಷದ ಶಾಂಭವಿ ಟ್ರಂಕು ಎಳೆದುಕೊಂಡು ಅಡುಗೆಮನೆಗೆ ಬಂದಳು.

"ಅಜ್ಜಿ, ನಾ ಹೊಂಟೆ. ನಾಕಕ್ಕ ಅಪ್ಪ ಟೆಂಪೋ ತರ್ತಾನ... ಕಾಲೇಜ್ ಬಿಟ್ಟೆ."

"ಯಾಕವಾ? ಊಟದಾಗ ಏನರ ಕಡಿಮಿ ಆತೇನ?"

"ನಿನ್ನ ಸಾರಿನ ಸಂಬಂಧ ಬಿಡೂದಾಗಿದ್ರ ಮೊದಲನೇ ವಾರನ ಬಿಡತಿದ್ದೆ" ಎಂದು ನಕ್ಕಳು. ನಗುನಗುತ್ತಲೇ ಅತ್ತುಬಿಟ್ಟಳು.

ಹತ್ತನೇ ತರಗತಿಯಲ್ಲಿ ತೊಂಬತ್ತೊಂದು ಪರ್ಸೆಂಟ್ ಬಂದಿತ್ತು. ಎಲ್ಲರೂ ಸೈನ್ಸ್ ಅಂದರು, ಇವಳೂ ಹೂಂ ಅಂದಳು. ಅಪ್ಪ ಊರಿಗೆಲ್ಲ ಪೇಡೆ ಹಂಚಿದ.

ಈಗ ಕ್ಲಾಸಿನಲ್ಲಿ ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲ. ಅವಳ ಜೀವ ಇರುವುದೆಲ್ಲ ಇತಿಹಾಸದಲ್ಲಿ, ಕನ್ನಡದಲ್ಲಿ...

"ಹಂಗಾರ ಆರ್ಟ್ಸಿಗೆ ಹೋಗು. ಓದನ ಯಾಕ ಬಿಡ್ತಿ?"

"ಒಮ್ಮೆ ಆರಿಸಿದ್ದು ಮುಗೀತಜ್ಜಿ. ಅಪ್ಪನ ಮುಂದ ಯಾವ ಮಾರಿ ಇಟಗೊಂಡು ಹೇಳ್ಲಿ? ಪದ್ಯದಾಗ ಓದಿಲ್ಲೇನ ನೀ?"

ಓದಿದ್ದೆ. ರಾತ್ರಿ ಶಾಲೆಯಲ್ಲಿ ನಾನೂ ಬಾಯಿಪಾಠ ಮಾಡಿದ್ದ ಹಳೆಯ ಪದ್ಯವದು.

ಕೈಗೆ ಬಂದ ಮಣ್ಣು ಕೇಳಿತು:
ಕೊಡವಾಗಲೋ, ಹಣತೆಯಾಗಲೋ?
ಬಾಳೆಂಬ ಮಣ್ಣಿದು, ತಿಗುರಿ ನಿಲ್ಲದು...
ಬೆಂಕಿ ಕಂಡ ಮೇಲೆ ಮರಳಿ ಮಣ್ಣಾಗದು.

ಶಾಂಭವಿ ಕಣ್ಣೊರೆಸಿಕೊಳ್ಳುತ್ತಲೇ ಒಪ್ಪಿಸಿದಳು: "ರೂಪಕಾಲಂಕಾರ. ಉಪಮೇಯ ಬಾಳು, ಉಪಮಾನ ಮಣ್ಣು. ಎರಡಕ್ಕೂ ಭೇದವಿಲ್ಲ. ಭಾವಾರ್ಥ, ಒಮ್ಮೆ ಆರಿಸಿದ್ದು ಬದಲಾಗದು. ಮೂರು ಮಾರ್ಕ್ಸಿಗೆ ಮೂರೂ ಬಂದಿದ್ವು."

ನನಗೂ ಮೂರೂ ಬಂದಿದ್ದವು...

ಕುಂಬಾರರ ಮನೆಯ ಮಗಳು ನಾನು. ಹದಿನೈದು ವರ್ಷ ಅಪ್ಪನ ತಿಗುರಿ ಚಕ್ರದ ಪಕ್ಕ ಮಣ್ಣು ತುಳಿದವಳು. ಆದರೂ ಗೈಡಿನಲ್ಲಿ ಇದ್ದುದನ್ನೇ ಬರೆದು ಬಂದಿದ್ದೆ. ನನ್ನ ಕಾಲಿಗೆ ಗೊತ್ತಿದ್ದುದನ್ನು ಕೇಳಿಯೇ ಇರಲಿಲ್ಲ.

ಕಿಟಕಿಯಲ್ಲಿ ಅಮಾವಾಸ್ಯೆಗೆ ಪೂಜೆ ಮಾಡಿದ ಮಣ್ಣೆತ್ತು ಇತ್ತು. ಸುಡದೆ ನೆರಳಲ್ಲಿ ಒಣಗಿಸಿದ್ದು, ಕಲ್ಲಿನಷ್ಟು ಗಟ್ಟಿ. ಅದನ್ನು ಅವಳ ಕೈಗೆ ಕೊಟ್ಟೆ.

"ಇದು ಮತ್ತ ಮಣ್ಣಾಗ್ತೈತೇನು?"

"ಇಷ್ಟ್ ಗಟ್ಟಿ ಆಗೇತಿ... ಎಲ್ಲಿಂದ ಆಗ್ತೈತಿ?"

ನೀರಿನ ಬೋಗುಣಿಯಲ್ಲಿ ಇಟ್ಟೆ. ಚಹಾ ಕುದಿಯುವಷ್ಟರಲ್ಲಿ ಕೊಂಬು ಉದುರಿತು... ಕಾಲು ಕುಸಿಯಿತು... ಎತ್ತು ಮೆಲ್ಲಗೆ ಕೆಸರಾಗಿ ಕೂತಿತು.

"ಬಾಳು ಮಣ್ಣಾದ್ರ ಮಣ್ಣಿನ ಗುಣಾನೂ ಬಾಳಿಗೆ ಬರಬೇಕಲ್ಲವಾ? ಬೆಂಕಿ ಕಂಡ ಮ್ಯಾಲೆ ಅಂತ ಐತಿ ಪದ್ಯದಾಗ. ಆರಿಸಿದ ಮ್ಯಾಲೆ ಅಂತಿಲ್ಲ. ನಿಂದು ಇನ್ನೂ ಸುಟ್ಟಿಲ್ಲ... ಒಣಗೇತಿ ಅಷ್ಟ."

ಅವಳು ಬೋಗುಣಿಯಲ್ಲಿ ಕೈ ಅದ್ದಿ ಆ ಕೆಸರನ್ನು ಮತ್ತೆ ಉಂಡೆ ಕಟ್ಟಿದಳು.

ನಾಲ್ಕಕ್ಕೆ ಅಪ್ಪ ಬಂದ. ಕೆಸರುಗೈಯಲ್ಲೇ ಹೋಗಿ ಎಲ್ಲ ಹೇಳಿದಳು.

ಆತ ಟೆಂಪೋಗೆ ಒರಗಿ ನಿಂತ. ಆಮೇಲೆ ಹೆಗಲ ಟವೆಲ್ಲಿನಿಂದ ಮಗಳ ಕೈ ಒರೆಸುತ್ತ ಅಂದ:

"ಪೇಡೆ ಹಂಚಿದ್ದು ನನ್ನ ಮಗಳು ಪಾಸಾದ್ಲು ಅಂತ ಅವ್ವಾ... ಸೈನ್ಸ್ ತಗೊಂಡ್ಲು ಅಂತ ಅಲ್ಲ."

ಟ್ರಂಕನ್ನು ತಾನೇ ಹೊತ್ತು ಮತ್ತೆ ಒಳಗಿಟ್ಟ. ಮರುದಿನ ಇಬ್ಬರೂ ಪ್ರಿನ್ಸಿಪಾಲರ ಹತ್ತಿರ ಹೋದರು. ಆರ್ಟ್ಸಿನಲ್ಲಿ ಇನ್ನೂ ಸೀಟಿತ್ತು.

ಅಲ್ಲಿಂದ ಬಂದವಳೇ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಕೇಳಿದಳು:

"ಅಜ್ಜಿ, ಎಸ್ಸೆಸ್ಸೆಲ್ಸಿ ಆದಮ್ಯಾಲೆ ನೀ ಯಾಕ ಪಿಯುಸಿ ಕಟ್ಟಲಿಲ್ಲ?"

"ನಂದೇನವಾ... ಅರವತ್ತೊಂದಾತು. ನಂದು ಸುಟ್ಟ ಗಡಿಗಿ."

ಆ ಹುಡುಗಿ ನನ್ನನ್ನೇ ದಿಟ್ಟಿಸಿದಳು.

"ಸುಟ್ಟೇತೋ ಅಜ್ಜಿ... ಬರೇ ಒಣಗೇತೋ?"

ಒಲೆಯ ಮೇಲೆ ಸಾರು ಉಕ್ಕಿತು. ನನಗೆ ಕಾಣಲಿಲ್ಲ... ಕಣ್ಣು ತುಂಬಿತ್ತು.

ಈಗ ಮಸಾಲೆ ಡಬ್ಬಿಯ ಕೆಳಗೆ ಪಿಯುಸಿಯ ಒಂದು ಫಾರ್ಮು ಇದೆ. ಕಾಲು ನೋಯುತ್ತಲೇ ಇದೆ, ರೊಟ್ಟಿ ಬಡಿಯುವುದೂ ತಪ್ಪಿಲ್ಲ. ಫಾರ್ಮಿನಲ್ಲಿ ಹೆಸರು ಬರೆದಿದ್ದೇನೆ... ವಿಷಯ ಯಾವುದು ಅಂತ ಇನ್ನೂ ಆರಿಸಬೇಕು.

*ಒಣಗಿದ್ದನ್ನೆಲ್ಲ ಸುಟ್ಟದ್ದೆಂದು ತಿಳಿದು, ನೀರು ಮುಟ್ಟಿಸದೆಯೇ ಎತ್ತಿಟ್ಟುಬಿಡುತ್ತೇವೆ.*

ನೀವು ಎತ್ತಿಟ್ಟದ್ದು ಯಾವುದು? ಅದು ನಿಜವಾಗಿ ಬೆಂಕಿ ಕಂಡಿದೆಯಾ...?