ಹಳೇ ದಾರಿಯ ಪಂಡರಿ

ಘಾಟಬೋರಾಳದ ಪಂಡರಿ ಅಂದೂ ಹೊಸ ರಸ್ತೆಯ ಬಾಯಿಗೆ ಬಂದವನೇ ಮೊಪೆಡ್ಡನ್ನು ಹಳೇ ದಾರಿಗೆ ಇಳಿಸಿದ. ಹಿಂದೆ ಕಟ್ಟಿದ್ದ ಅರ್ಧ ತುಂಬಿದ ಹಾಲಿನ ಕ್ಯಾನುಗಳು ತಗ್ಗಿಗೊಮ್ಮೆ ದಡಲ್ ಎಂದವು. ಬೇವಿನ ಮರೆಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾದಿದ್ದ ಜಯಮಾಲಾ ಬೆನ್ನು ಹತ್ತಿದಳು.

ಹೊಸ ರಸ್ತೆ ಅವಳ ಕನಸು. ಬಸವಕಲ್ಯಾಣದವಳು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೊ ಜೇಡಿಮಣ್ಣಿನ ಪುಡಿಯನ್ನು ಡಾಂಬರಿಗೆ ಬೆರೆಸಿ ಘಾಟಬೋರಾಳದಿಂದ ಹುಮನಾಬಾದಿನವರೆಗೆ ಹಾಕಿಸಿದ್ದಳು. ಬೇಸಿಗೆಗೆ ಅದು ಕರಗಲಿಲ್ಲ, ಮಳೆಗೆ ಕಿತ್ತು ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ತುಳಿದರೂ ತಗ್ಗು ಬೀಳಲಿಲ್ಲ. ವರ್ಷವರ್ಷವೂ ಡಾಂಬರು ಕಾಯಿಸಿ ತೇಪೆ ಹಾಕುವ ಹೊಗೆಯೂ ತಪ್ಪಿತ್ತು. ಮುಂದಿನ ಸರದಿ ನಾರಾಯಣಪುರದ್ದು.

ಅಲ್ಲಿ ಕೆಲಸ ನಿಂತಿತು. ಪಂಡರಿ ಹುಮನಾಬಾದಿನ ಖಾನಾವಳಿಗೆ ಹೋಗುವಾಗ ಸುತ್ತಿನ ಹಳೇ ದಾರಿ ಹಿಡಿದು, ಖಾಲಿ ಕ್ಯಾನಿನೊಂದಿಗೆ ಬರುವಾಗ ಮಾತ್ರ ಹೊಸ ರಸ್ತೆಯಲ್ಲಿ ಬರುವುದನ್ನು ಜನ ನೋಡಿದ್ದರು. ಆ ಪುಡಿಯ ಗಾಳಿ ಬಡಿದರೆ ಹಾಲು ಒಡೆಯುತ್ತದಂತೆ ಎಂದು ಸುದ್ದಿ ಹಬ್ಬಿತು. ನಾರಾಯಣಪುರದ ಹಿರಿಯ ಮಹಾರುದ್ರಪ್ಪನವರು, ಇದು ಎಮ್ಮೆ ಸಾಕಿದವರ ಊರು, ಮೊದಲು ಪಂಡರಿ ಆ ರಸ್ತೆಯಲ್ಲಿ ಹೋಗಲಿ ಎಂದುಬಿಟ್ಟರು.

ಜಯಮಾಲಾಳ ಅನುಮಾನವೇ ಬೇರೆ. ತೇಪೆ ಹಾಕಿಯೇ ಬದುಕಿದ ಯಾವನೋ ಗುತ್ತಿಗೆದಾರ ಇವನನ್ನು ಎತ್ತಿಕಟ್ಟಿರಬೇಕು. ಹಿಂದೊಮ್ಮೆ ಪಂಡರಿ ತಾನಾಗಿ ಅವಳನ್ನು ನಿಲ್ಲಿಸಿ, ಈ ರಸ್ತೆ ಯಾವಾಗ ಕಿತ್ತುಹೋದೀತು ಎಂದು ಕೇಳಿದ್ದ. ಸದ್ಯಕ್ಕಂತೂ ಇಲ್ಲ ಎಂದಾಗ ಅವನ ಮುಖ ಬಾಡಿತ್ತು.

ಈಗ ಮುಂದೆ ಹೋಗುತ್ತಿದ್ದವನು ತಗ್ಗು ತಪ್ಪಿಸುತ್ತಿರಲಿಲ್ಲ. ಹುಡುಕಿ ಹುಡುಕಿ ಇಳಿಸುತ್ತಿದ್ದ. ಹುಮನಾಬಾದ್ ಮುಟ್ಟುವಷ್ಟರಲ್ಲಿ ಜಯಮಾಲಾಳ ಸೊಂಟ ಹಿಡಿದುಕೊಂಡಿತ್ತು. ಖಾನಾವಳಿಯ ಮುಂದೆ ಅವನನ್ನು ಅಡ್ಡಗಟ್ಟಿದಳು.

“ನನ್ನ ರಸ್ತಾದ ಮ್ಯಾಲೆ ನಿಮಗೇನು ಸಿಟ್ಟದ? ಖರೇ ಹೇಳ್ರಿ.”

“ಸಿಟ್ಟು ಯಾಕ್ರಿ ಅಕ್ಕೋರ? ರಸ್ತಾ ಭಾಳ ಛಲೋ ಅದ. ಅದೇ ತ್ರಾಸ ಆಗ್ಯಾದ.”

ಹಾಲಿನ ಸುದ್ದಿ ಕೇಳಿ ಪಂಡರಿ ಗಾಬರಿಯಾದ. ಅದು ಸುಳ್ಳೆಂದು ನಾರಾಯಣಪುರಕ್ಕೆ ತಾನೇ ಬಂದು ಹೇಳುವುದಾಗಿ ಒಪ್ಪಿಕೊಂಡ. ಆದರೆ ತನ್ನ ಹೆಂಡತಿ ರುಕ್ಮಿಣಿಬಾಯಿಗೆ ಮಾತ್ರ ನಿಜ ತಿಳಿಯಬಾರದು ಎಂದು ಕೈಮುಗಿದ. ಅವಳು ಜಾರಿಬಿದ್ದು ರಟ್ಟೆ ಮುರಿದುಕೊಂಡಾಗಿನಿಂದ ಮನೆಯ ಕೆಲಸವೊಂದನ್ನು ಇವನು ಹೊತ್ತುಕೊಂಡಿದ್ದನಂತೆ. ಗಂಡ ತನಗಾಗಿ ತೋಳು ನೋಯಿಸಿಕೊಳ್ಳುತ್ತಾನೆಂದು ಅವಳು ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು.

ಅಷ್ಟು ಹೇಳಿ ಕ್ಯಾನಿನ ಮುಚ್ಚಳ ತೆಗೆದ. ಒಳಗೆ ಹಾಲಿರಲಿಲ್ಲ. ಮಜ್ಜಿಗೆಯ ಮೇಲೆ ಬೆಣ್ಣೆ ತೇಲುತ್ತಿತ್ತು.

“ಮನಿಯಿಂದ ಮೊಸರು ತುಂಬಿಕೊಂಡು ಹೊಂಡ್ತೀನ್ರಿ,” ಎಂದ ಪಂಡರಿ. “ನಿಮ್ಮ ರಸ್ತಾದಾಗ ಬಂದ್ರ ಅದು ಹುಮನಾಬಾದ್ ಮುಟ್ಟಿದ್ರೂ ಮೊಸರಾಗೇ ಉಳೀತದ.”